ಕೆನಡಾ ಪಾಸ್‌ಪೋರ್ಟ್ ಮೇಲೆ ಅಮೆರಿಕದಲ್ಲಿ ಟಿಎನ್ ಕೆಲಸ: ಕಂಪನಿಯ ಒಂದು ಪುಟದ ಪತ್ರ ಸಾಕಾ? ಹೆಂಡತಿಯದು ಇನ್ನೂ ಭಾರತದ ಪಾಸ್‌ಪೋರ್ಟ್

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಬ್ರಾಂಪ್ಟನ್‌ನಿಂದ ಬರೀತಾ ಇದ್ದೀನಿ. ನಾವು 2018ರಲ್ಲಿ ಪಿಆರ್ (ಕಾಯಂ ನಿವಾಸಿ) ಆಗಿ ಬಂದ್ವಿ. ನನಗೆ ಹೋದ ವರ್ಷ ಕೆನಡಾ ಪೌರತ್ವ ಸಿಕ್ತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸ್ಕೊಂಡಿದ್ದೀನಿ. ಹೆಂಡತಿ ನಡುವೆ ಎರಡು ವರ್ಷ ಮಾವನವರ ಆರೈಕೆಗೆ ಅಂತ ಊರಲ್ಲೇ ಇದ್ದಳು, ಹಾಗಾಗಿ ಅವಳದು ಇನ್ನೂ ಭಾರತದ ಪಾಸ್‌ಪೋರ್ಟ್, ಇಲ್ಲಿಯ ಪಿಆರ್ ಕಾರ್ಡ್. ಮಗಳಿಗೆ ಐದು ವರ್ಷ, ಇಲ್ಲೇ ಹುಟ್ಟಿದವಳು.

ಮಿಷಿಗನ್‌ನಲ್ಲಿ ಕಾರಿನ ಬಿಡಿಭಾಗ ಮಾಡೋ ಒಂದು ಕಂಪನಿಯಿಂದ ಆಫರ್ ಬಂದಿದೆ. ಅವರ ಎಚ್‌ಆರ್ "ನೀವು ಕೆನಡಿಯನ್ ಅಲ್ವಾ, ಈ ಪತ್ರ ತಗೊಂಡು ಬಾರ್ಡರ್‌ಗೆ ಹೋಗಿ, ಅಲ್ಲೇ ಟಿಎನ್, ಅಂದರೆ ಕೆಲಸದ ಪರವಾನಗಿ, ಕೊಡ್ತಾರೆ" ಅಂದರು. ಪತ್ರ ಒಂದು ಪುಟವೂ ಪೂರ್ತಿ ಇಲ್ಲ. ಹುದ್ದೆ ‘ಸೀನಿಯರ್ ಸಾಫ್ಟ್‌ವೇರ್ ಡೆವಲಪರ್’, ಸಂಬಳ ಇಷ್ಟು, ಇಂಥ ದಿನದಿಂದ ಕೆಲಸ, ಅಷ್ಟೇ. ನನ್ನದು ವಿಟಿಯು ಬಿಇ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಮೂರು ವಾರದಲ್ಲಿ ಸೇರಬೇಕು. ಮೂವರೂ ಕಾರಲ್ಲಿ ಸಾಮಾನು ತುಂಬ್ಕೊಂಡು ಗಡಿ ಊರು ವಿಂಡ್ಸರ್ ಕಡೆಯಿಂದ ಒಟ್ಟಿಗೇ ದಾಟೋಣ ಅಂತ ಯೋಚನೆ. ಹೀಗೆ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬಾಡಿಗೆ ಮನೆ ಬಿಡ್ತೀವಿ ಅಂತ ಮಾಲೀಕರಿಗೆ ಈ ವಾರವೇ ನೋಟಿಸ್ ಕೊಡಬೇಕು.

ಸೇತುವೆ_ದಾಟಿದವ:

ನೋಟಿಸ್ ಕೊಡಬೇಡಿ. ಸಾಮಾನೂ ಕಟ್ಟಬೇಡಿ. ಮೊದಲು ಇದನ್ನ ಓದಿ.

ಒಂಬತ್ತು ವರ್ಷದಿಂದ ಟಿಎನ್ ಮೇಲಿದ್ದೀನಿ, ಮೂರು ಸಲ ನವೀಕರಣ ಆಗಿದೆ. ಆದರೆ 2016ರಲ್ಲಿ ಮೊದಲ ಸಲ ಹೋದಾಗ ನನ್ನನ್ನ ವಾಪಸ್ ಕಳಿಸಿದರು. ಕಾರಣ ನಿಮ್ಮ ಕೈಯಲ್ಲಿರೋ ಥರದ್ದೇ ಒಂದು ಪತ್ರ.

ಟಿಎನ್ ಅನ್ನೋದು "ಕೆನಡಿಯನ್ನರಿಗೆ ಅಮೆರಿಕದಲ್ಲಿ ಕೆಲಸ" ಅನ್ನೋ ಸಾಮಾನ್ಯ ಪರವಾನಗಿ ಅಲ್ಲ. ಕೆನಡಾ, ಅಮೆರಿಕ, ಮೆಕ್ಸಿಕೊ ನಡುವಿನ 1994ರ ನಾಫ್ಟಾ ವ್ಯಾಪಾರ ಒಪ್ಪಂದದಲ್ಲಿ ಹುಟ್ಟಿ, 2020ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಯುಎಸ್‌ಎಂಸಿಎ ಒಳಗೆ ಹಾಗೇ ಮುಂದುವರಿದಿರೋ ವ್ಯವಸ್ಥೆ ಅದು. ಅದರಲ್ಲಿ 60ಕ್ಕೂ ಹೆಚ್ಚು ವೃತ್ತಿಗಳ ಒಂದು ಪಟ್ಟಿ ಇದೆ. ಎಂಜಿನಿಯರ್, ಅಕೌಂಟೆಂಟ್, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್, ನರ್ಸ್, ಫಾರ್ಮಸಿಸ್ಟ್, ಗ್ರಾಫಿಕ್ ಡಿಸೈನರ್, ಲೈಬ್ರೇರಿಯನ್, ಹೀಗೆ. ಪ್ರತಿ ವೃತ್ತಿಯ ಎದುರಿಗೆ ಯಾವ ಓದು ಬೇಕು ಅಂತ ಬರೆದಿದೆ. ನಿಮ್ಮ ಕೆಲಸ ಆ ಪಟ್ಟಿಯ ಒಂದು ಸಾಲಿಗೆ ಕೂರಬೇಕು, ನಿಮ್ಮ ಪದವಿಯೂ ಅದೇ ಸಾಲಿಗೆ ಕೂರಬೇಕು. ಆ ಪಟ್ಟಿಯಲ್ಲಿ ‘ಪ್ರೋಗ್ರಾಮರ್’ ಇಲ್ಲ. ‘ಸಾಫ್ಟ್‌ವೇರ್ ಡೆವಲಪರ್’ ಕೂಡ ಇಲ್ಲ.

ನನ್ನ ಪತ್ರದ ಮೇಲ್ಗಡೆ ‘ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್’ ಅಂತಿತ್ತು. ಕೆಳಗೆ ಕೆಲಸದ ವಿವರದಲ್ಲಿ ಮೊದಲ ಸಾಲೇ ಜಾವಾ ಕೋಡ್ ಬರೆಯೋದು, ಎರಡನೇದು ಕೋಡ್ ಪರೀಕ್ಷೆ ಮಾಡೋದು. ಅಂಬಾಸಡರ್ ಸೇತುವೆ ಇಳಿದ ಮೇಲೆ ಕಾರು ಪಕ್ಕಕ್ಕೆ ಹಾಕಿಸಿ ಒಳಗಿನ ಕೌಂಟರಿಗೆ ಕಳಿಸ್ತಾರೆ. ಅಲ್ಲಿದ್ದ ಅಧಿಕಾರಿ ಪತ್ರ ಓದಿ, ಆ ಮೊದಲ ಸಾಲಿನ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದು, ಹಾಳೆಯನ್ನ ನನ್ನ ಕಡೆಗೆ ತಿರುಗಿಸಿದರು. "ಇದು ಅನಲಿಸ್ಟ್ ಕೆಲಸವಾ?" ಅಂದರು. ನಾನು "ಡಿಸೈನ್ ಕೂಡ ಮಾಡ್ತೀನಿ" ಅಂದೆ. "ಪತ್ರದಲ್ಲಿ ಎಲ್ಲಿದೆ?" ಅಂದರು. ಇರಲಿಲ್ಲ. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಅರ್ಜಿ ನೀವಾಗೇ ಹಿಂದಕ್ಕೆ ತಗೊಳ್ಳಬಹುದು ಅಂತ ಹೇಳಿದರು, ತಗೊಂಡೆ. ಹೆಂಡತಿ ಕಾರಲ್ಲಿ ಕೂತಿದ್ದಳು, ಹಿಂದಿನ ಸೀಟಿನ ತುಂಬ ಪಾತ್ರೆ, ಹಾಸಿಗೆ. ಅದೇ ಸೇತುವೆ ಮೇಲೆ ವಾಪಸ್ ಬಂದಾಗ ಕೆನಡಾ ಕಡೆಯವರು ಎಷ್ಟು ಹೊತ್ತು ಅಮೆರಿಕದಲ್ಲಿದ್ರಿ ಅಂತ ಕೇಳಿದರು. ಎರಡು ಗಂಟೆ ಅಂತ ಹೇಳೋಕೆ ನಾಲಿಗೆ ಹೊರಳಲಿಲ್ಲ.

ಎರಡು ವಾರದ ಮೇಲೆ ಸರಿಯಾದ ಪತ್ರ ತಗೊಂಡು ಹೋದೆ, ಆಯಿತು. ಕೆಲಸ ಅದೇ, ಪದವಿ ಅದೇ. ಬದಲಾಗಿದ್ದು ಪತ್ರ ಒಂದೇ. ದಯವಿಟ್ಟು ಇಷ್ಟು ಹೇಳಿ: ನೀವು ಅಲ್ಲಿ ದಿನಾ ಏನು ಕೆಲಸ ಮಾಡ್ತೀರಿ? ಕಂಪನಿ ಕೊಟ್ಟ ಹೆಸರು ಬೇಡ, ಕೈಯಾರೆ ಮಾಡೋ ಕೆಲಸ ಹೇಳಿ.

ಜೋಳದರೊಟ್ಟಿ:

ಸೇತುವೆ ಅಣ್ಣಾರು ಹೇಳಿದ್ದು ಖರೆ ಅದ. ಅದರ ಜೋಡಿ ಡಿಗ್ರಿ ವಿಚಾರಾನೂ ನೋಡ್ಕೋರಿ ಸರ್. ಕೆನಡಾ, ಅಮೆರಿಕ, ಮೆಕ್ಸಿಕೊ ಬಿಟ್ಟು ಬ್ಯಾರೆ ಕಡೆ ಓದಿದ ಡಿಗ್ರಿಗೆ ಮೌಲ್ಯಮಾಪನ ವರದಿ ಬೇಕ್ರಿ. ಪಿಆರ್ ಸಲುವಾಗಿ ಮಾಡಿಸಿದ್ದು ಇಸಿಎ ಇರ್ತದಲ್ಲ, ಅದು "ಕೆನಡಾದ ಬ್ಯಾಚುಲರ್ಸ್‌ಗೆ ಸಮ" ಅಂತ ಹೇಳ್ತದ. ನಿಮಗ ಬೇಕಾಗಿದ್ದು ಅಮೆರಿಕದ ಡಿಗ್ರಿಗೆ ಸಮ ಅಂತ ಹೇಳೋ ವರದಿ. ಅದನ್ನ ಬ್ಯಾರೆನೇ ಮಾಡಿಸ್ರಿ.

ನಂದು ಧಾರವಾಡದಾಗ ಮೂರು ವರ್ಷದ ಬಿಎಸ್ಸಿ, ಆಮ್ಯಾಲೆ ಮೂರು ವರ್ಷದ ಎಂಸಿಎ. ಬರೇ ಬಿಎಸ್ಸಿ ಮ್ಯಾಲೆ ಹೋಗಿದ್ರ ಅವರ ನಾಲ್ಕು ವರ್ಷದ ಬ್ಯಾಚುಲರ್ಸ್‌ಗೆ ಕಡಿಮಿ ಬೀಳ್ತಿತ್ತು. ಎರಡೂ ಸೇರಿಸಿ ವರದಿ ಮಾಡಿಸಿದೆ, ಸಿಸ್ಟಮ್ಸ್ ಅನಲಿಸ್ಟ್ ಮ್ಯಾಲೆ ಕ್ಯಾಲ್ಗರಿ ಏರ್‌ಪೋರ್ಟಿನಾಗನ ಆತು. ಎಚ್-1ಬಿ ಒಳಗ ಅನುಭವದ ವರ್ಷ ಎಣಿಸಿ ಡಿಗ್ರಿಗೆ ಸಮ ಮಾಡ್ತಾರಲ್ಲ, ಟಿಎನ್ ಒಳಗ ಹಂಗ ನಡೆಯೂದಿಲ್ಲ. ಪಟ್ಟಿಯೊಳಗ ಅನುಭವ ಅಂತ ಬರೆದಿದ್ದ ವೃತ್ತಿಗೆ ಮಾತ್ರ ಅನುಭವ ನಡೀತದ. ಸಿಸ್ಟಮ್ಸ್ ಅನಲಿಸ್ಟ್‌ಗೆ ಡಿಪ್ಲೊಮಾ ಮತ್ತ ಮೂರು ವರ್ಷ ಅನುಭವ ಆದ್ರೂ ನಡೀತದ ಖರೆ, ಆದ್ರ ಆ ಡಿಪ್ಲೊಮಾ ಕೆನಡಾ ಇಲ್ಲಾ ಅಮೆರಿಕದ್ದ ಇರಬೇಕು.

ನಿಮ್ಮದು ಬಿಇ ನಾಲ್ಕು ವರ್ಷದ್ದು, ಚಿಂತಿ ಇಲ್ಲ. ವರದಿ ಕೈಯಾಗ ಇರಲಿ, ಅಷ್ಟ. ಮೂಲ ಡಿಗ್ರಿ ಸರ್ಟಿಫಿಕೇಟ್ ಒಯ್ಯೂದು ಮರೀಬ್ಯಾಡ್ರಿ.

ತುಂಗಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಓದ್ತಾ ಓದ್ತಾ ಕೈಕಾಲು ತಣ್ಣಗಾಯ್ತು. ಇಸಿಎ ಇದೆ, ಅಮೆರಿಕದ ವರದಿ ಇಲ್ಲ.

ಕೆಲಸ ಅಂದರೆ, ಬ್ರೇಕ್ ಹಿಡಿಯೋ ವ್ಯವಸ್ಥೆಗೆ ಸೆನ್ಸರ್‌ಗಳಿರುತ್ತವಲ್ಲ, ಅವುಗಳಿಂದ ಬರೋ ಸಂಕೇತ ಓದೋ ಕಂಟ್ರೋಲರ್ ಬೋರ್ಡಿನ ವಿನ್ಯಾಸದಲ್ಲಿ ಭಾಗಿ ಆಗೋದು. ಅದರ ಫರ್ಮ್‌ವೇರ್ ಹೇಗಿರಬೇಕು ಅಂತ ರೂಪಿಸೋದು, ಬರೆಯೋದು. ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಇಟ್ಟು ಸಿಗ್ನಲ್ ಅಳೆಯೋದು. ಸೆನ್ಸರ್ ಕೆಟ್ಟರೆ ಬ್ರೇಕ್ ಹೇಗೆ ನಡ್ಕೋಬೇಕು ಅನ್ನೋ ಸುರಕ್ಷತಾ ವಿಶ್ಲೇಷಣೆ. ಇಲ್ಲಿ ಬ್ರಾಂಪ್ಟನ್‌ನಲ್ಲೂ ಆರು ವರ್ಷದಿಂದ ಇದೇ ಮಾಡ್ತಾ ಇದ್ದೀನಿ. ಹುದ್ದೆಯ ಹೆಸರನ್ನ ಮಾತ್ರ ಅವರು ತಮ್ಮ ಸಾಫ್ಟ್‌ವೇರ್ ವಿಭಾಗದ ಲೆಕ್ಕಕ್ಕೆ ‘ಡೆವಲಪರ್’ ಅಂತ ಇಟ್ಟಿದ್ದಾರೆ.

ಸೇತುವೆ_ದಾಟಿದವ:

ಈಗ ನೀವು ಬರೆದ ನಾಲ್ಕು ಸಾಲು ನಿಮ್ಮ ಎಚ್‌ಆರ್ ಬರೆದ ಪತ್ರಕ್ಕಿಂತ ಎಷ್ಟೋ ಮೇಲು. ನೀವು ಎಂಜಿನಿಯರ್. ಪಟ್ಟಿಯಲ್ಲಿ ‘ಎಂಜಿನಿಯರ್’ ಇದೆ, ಅದಕ್ಕೆ ಬೇಕಾದ್ದು ಪದವಿ ಅಥವಾ ರಾಜ್ಯ ಇಲ್ಲವೇ ಪ್ರಾಂತ್ಯದ ಪರವಾನಗಿ. ನಿಮ್ಮದು ಎಲೆಕ್ಟ್ರಾನಿಕ್ಸ್ ಬಿಇ, ಕೆಲಸ ಎಲೆಕ್ಟ್ರಾನಿಕ್ಸ್ ಬೋರ್ಡಿನ ಮೇಲೆ. ಎರಡೂ ಒಂದಕ್ಕೊಂದು ಹೊಂದುತ್ತವೆ. 2025ರ ಜೂನ್‌ನಲ್ಲಿ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ತನ್ನ ನೀತಿ ಕೈಪಿಡಿಯ ಟಿಎನ್ ಭಾಗ ತಿದ್ದಿದ ಮೇಲಂತೂ ಈ ಹೊಂದಾಣಿಕೆ ನೋಡೋದು ಇನ್ನೂ ಬಿಗಿಯಾಗಿದೆ. ಕಂಪ್ಯೂಟರ್ ಸೈನ್ಸ್ ಬಿಎಸ್ಸಿ ಇಟ್ಕೊಂಡು ‘ಸಾಫ್ಟ್‌ವೇರ್ ಎಂಜಿನಿಯರ್’ ಅಂತ ಹೋಗೋರಿಗೆ ಕಷ್ಟ. ನಿಮಗೆ ಅದು ಅನ್ವಯಿಸಲ್ಲ.

ಎಚ್‌ಆರ್‌ಗೆ ಹೇಳಿ ಪತ್ರ ಪೂರ್ತಿ ಹೊಸದಾಗಿ ಬರೆಸಿ. ಕಂಪನಿ ಏನು ಮಾಡುತ್ತೆ ಅಂತ ಎರಡು ಸಾಲು. ಯುಎಸ್‌ಎಂಸಿಎ ಪಟ್ಟಿಯ ‘ಎಂಜಿನಿಯರ್’ ವೃತ್ತಿಯಡಿ ನೇಮಕ ಅಂತ ನೇರವಾಗಿ. ದಿನನಿತ್ಯದ ಕೆಲಸ, ನೀವು ಈಗ ಹೇಳಿದ ಹಾಗೆ, ಬೋರ್ಡು ಮತ್ತು ಸುರಕ್ಷತಾ ವಿಶ್ಲೇಷಣೆ ಮೊದಲು. ಕೋಡ್ ಬರೆಯೋದನ್ನ ಮುಚ್ಚಿಡಬೇಡಿ, ಅದು ವಿನ್ಯಾಸದ ಒಂದು ಭಾಗ ಅಂತಲೇ ಬರಲಿ, ಯಾಕೆಂದರೆ ಅದೇ ಸತ್ಯ. ಆಮೇಲೆ ನಿಮ್ಮ ಓದು, ಎಷ್ಟು ಕಾಲದ ನೇಮಕ, ಸಂಬಳ. ಕಾಲ ಮೂರು ವರ್ಷದವರೆಗೆ ಕೇಳಬಹುದು. 2008ಕ್ಕೆ ಮುಂಚೆ ಒಂದೊಂದೇ ವರ್ಷ ಕೊಡ್ತಿದ್ದರು. ನವೀಕರಣಕ್ಕೆ ಇಷ್ಟೇ ಸಲ ಅಂತ ಮಿತಿ ಇಲ್ಲ, ಆದರೆ ಪ್ರತಿ ಸಲವೂ ಇದು ತಾತ್ಕಾಲಿಕ ಅನ್ನೋದು ಅವರಿಗೆ ಒಪ್ಪಿಗೆ ಆಗಬೇಕು. ‘ಖಾಯಂ ಹುದ್ದೆ’ ಅನ್ನೋ ಮಾತು ಪತ್ರದಲ್ಲಿ ಎಲ್ಲೂ ಇರಬಾರದು.

ಇಲ್ಲದ ಕೆಲಸ ಮಾತ್ರ ಪತ್ರದಲ್ಲಿ ಹಾಕಿಸಬೇಡಿ. ಕೌಂಟರಿನಲ್ಲಿ ನಿಮ್ಮನ್ನೇ ಕೇಳ್ತಾರೆ. ಪತ್ರ ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಬರೀ ಆ ದಿನದ ಅರ್ಜಿ ಹೋಗೋದಿಲ್ಲ, ಸುಳ್ಳು ಹೇಳಿದ ದಾಖಲೆ ಜೀವನಪೂರ್ತಿ ಬೆನ್ನು ಹತ್ತುತ್ತೆ.

ಶುಲ್ಕ 50 ಡಾಲರ್, ರಸ್ತೆ ಗಡಿಯಲ್ಲಿ ಐ-94 ಅನ್ನೋ ಪ್ರವೇಶ ದಾಖಲೆಗೆ ಬೇರೆ ಕಟ್ಟಬೇಕು. ಕೆಲಸದ ಮೊದಲ ದಿನಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಮುಂಚೆ ಹೋದರೆ ಒಳಗೆ ಬಿಡೋದಿಲ್ಲ, ಅದನ್ನ ನೋಡ್ಕೊಂಡು ದಿನ ಇಟ್ಕೊಳ್ಳಿ. ಗಡಿ ಬೇಡ, ಮೊದಲೇ ಒಪ್ಪಿಗೆ ಕೈಯಲ್ಲಿರಲಿ ಅನ್ನಿಸಿದರೆ ಕಂಪನಿಯೇ ಯುಎಸ್‌ಸಿಐಎಸ್‌ಗೆ ಐ-129 ಅರ್ಜಿ ಹಾಕಬಹುದು. ಬೇಗ ನೋಡೋಕೆ ಅಂತ ಪ್ರೀಮಿಯಂ ಶುಲ್ಕ ಕಟ್ಟಿದರೆ 15 ಕೆಲಸದ ದಿನದಲ್ಲಿ ಉತ್ತರ ಬರುತ್ತೆ. ನಿಮಗಿರೋದು ಮೂರೇ ವಾರ, ಪತ್ರ ಗಟ್ಟಿಯಾಗಿದ್ದರೆ ಗಡಿಯೇ ಸಾಕು ಅಂತ ನನ್ನ ಅಭಿಪ್ರಾಯ.

ಹೊಂಗೆನೆರಳು:

ಎಲ್ಲರೂ ಪತ್ರದ ಬಗ್ಗೆ ಹೇಳಿದಿರಿ. ನಾನು ನಿಮ್ಮ ಮನೆಯವರ ಬಗ್ಗೆ ಹೇಳ್ತೀನಿ, ಯಾಕೆಂದರೆ ಐದು ವರ್ಷದ ಹಿಂದೆ ನಾನೇ ಅವರ ಜಾಗದಲ್ಲಿದ್ದೆ.

ಮೂವರೂ ಒಟ್ಟಿಗೆ ದಾಟೋದು ಆಗೋದಿಲ್ಲ. ನಿಮಗೆ ವೀಸಾ ಬೇಡ, ಮಗಳಿಗೂ ಬೇಡ. ಮಗಳು ಕೆನಡಾ ಪಾಸ್‌ಪೋರ್ಟಿನಲ್ಲಿ ನಿಮ್ಮ ಜೊತೆ ಟಿಡಿ, ಅಂದರೆ ಟಿಎನ್‌ನವರ ಅವಲಂಬಿತೆ, ಆಗಿ ಬರಬಹುದು, ಜನನ ಪ್ರಮಾಣಪತ್ರ ತೋರಿಸಿದರೆ ಸಾಕು. ಆದರೆ ಹೆಂಡತಿಯದು ಭಾರತದ ಪಾಸ್‌ಪೋರ್ಟ್. ಅವರು ಮೊದಲು ಡಿಎಸ್-160 ಅನ್ನೋ ವೀಸಾ ಅರ್ಜಿ ತುಂಬಿ, ಅಮೆರಿಕದ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಹೋಗಿ, ಪಾಸ್‌ಪೋರ್ಟ್ ಮೇಲೆ ಟಿಡಿ ವೀಸಾ ಹಾಕಿಸ್ಕೋಬೇಕು. ಕೆನಡಾ ಪಿಆರ್ ಕಾರ್ಡು ಇದಕ್ಕೆ ಏನೂ ಸಹಾಯ ಮಾಡಲ್ಲ. ನಾವು ಇದು ಗೊತ್ತಿಲ್ಲದೆ ಗಡಿವರೆಗೆ ಹೋಗಿದ್ವಿ. ನನ್ನ ಯಜಮಾನರಿಗೆ ಟಿಎನ್ ಕೊಟ್ಟರು, ನನ್ನ ಪಾಸ್‌ಪೋರ್ಟ್ ನೋಡಿ "ಇವರಿಗೆ ಆಗಲ್ಲ" ಅಂದರು. ಅವರಿಗೆ ಸೋಮವಾರ ಕೆಲಸ ಶುರು. ನಾನು ಕೈಕೂಸು ಎತ್ಕೊಂಡು ಲಂಡನ್‌ನಲ್ಲಿದ್ದ ನಾದಿನಿ ಮನೆಗೆ ಬಂದೆ, ಒಂಟಾರಿಯೊದ ಲಂಡನ್. ಸಂದರ್ಶನದ ದಿನ ಸಿಗೋಕೆ ಹನ್ನೊಂದು ವಾರ ಆಯ್ತು.

ಇನ್ನೊಂದು ವಿಷಯ. ಟಿಡಿ ಮೇಲೆ ಓದಬಹುದು, ಕೆಲಸ ಮಾಡೋ ಹಾಗಿಲ್ಲ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಸಿಗೋದಿಲ್ಲ. ಅದಿಲ್ಲದೆ ನನ್ನ ಹೆಸರಿನಲ್ಲಿ ಒಂದು ಫೋನ್ ಸಂಪರ್ಕ ತಗೊಳ್ಳೋಕೆ ಮೂರು ಅಂಗಡಿ ಅಲೆದಿದ್ದೀನಿ. ಟೊರೊಂಟೊದಲ್ಲಿ ಏಳು ವರ್ಷ ದುಡಿದು, ನನ್ನ ಸಂಬಳದಲ್ಲಿ ಮನೆ ನಡೆಸಿದವಳು ನಾನು. ನಿಮ್ಮ ಮನೆಯವರು ಕೆಲಸದಲ್ಲಿದ್ದರೆ ಈ ಮಾತು ಈಗಲೇ ಕೂತು ಆಡಿ. ಆಫರ್‌ಗೆ ಸಹಿ ಹಾಕಿದ ಮೇಲೆ ಅಲ್ಲ.

ಒಂದು ಪ್ರಶ್ನೆ. ಅವರ ಪೌರತ್ವಕ್ಕೆ ಇನ್ನು ಎಷ್ಟು ದಿನ ಬಾಕಿ ಇದೆ? ಲೆಕ್ಕ ಹಾಕಿದ್ದೀರಾ?

ತುಂಗಾತೀರ:

ಅಕ್ಕಾ, ನೀವು ಕೇಳಿದ ಮೇಲೇ ಲೆಕ್ಕ ಹಾಕಿದ್ದು. ನಿನ್ನೆ ರಾತ್ರಿ ಇಬ್ಬರೂ ಕೂತು ಹಳೇ ಪಾಸ್‌ಪೋರ್ಟಿನ ಸೀಲುಗಳನ್ನೆಲ್ಲ ನೋಡಿ ಎಣಿಸಿದ್ವಿ. ಪೌರತ್ವಕ್ಕೆ ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇರಬೇಕಲ್ಲ, ಅದಕ್ಕೆ ಇನ್ನೂ 131 ದಿನ ಬೇಕು.

ಅವಳು ಡೇಕೇರ್‌ನಲ್ಲಿ ಕೆಲಸ ಮಾಡ್ತಾಳೆ. ಟಿಡಿ ಮೇಲೆ ಕೆಲಸ ಇಲ್ಲ ಅನ್ನೋದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎಚ್‌ಆರ್ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೊಂಗೆನೆರಳು:

131 ದಿನ ಅಂದರೆ ನಾಲ್ಕು ತಿಂಗಳು ಚಿಲ್ಲರೆ. ದಯವಿಟ್ಟು ಆ ದಿನಗಳನ್ನ ಅವರು ಕೆನಡಾದಲ್ಲೇ ಮುಗಿಸಲಿ.

ಇದರಲ್ಲಿ ಬಹಳ ಜನ ಎಡವುತ್ತಾರೆ, ನಾವೂ ಎಡವಿದ್ವಿ. ಕೆನಡಾ ಪೌರನಾದ ಗಂಡನ ಜೊತೆ ಹೊರದೇಶದಲ್ಲಿ ಇದ್ದ ದಿನಗಳು ಪಿಆರ್ ಉಳಿಸಿಕೊಳ್ಳೋ ಲೆಕ್ಕಕ್ಕೆ ಬರುತ್ತವೆ. ಐದು ವರ್ಷದಲ್ಲಿ 730 ದಿನ ಅನ್ನೋದಿದೆಯಲ್ಲ, ಅದಕ್ಕೆ. ಪೌರತ್ವದ 1,095ಕ್ಕೆ ಅವು ಬರೋದಿಲ್ಲ. ಪೌರತ್ವಕ್ಕೆ ಕಾಲು ಕೆನಡಾದ ನೆಲದ ಮೇಲೇ ಇರಬೇಕು. ನನಗೆ 200 ದಿನ ಬಾಕಿ ಇತ್ತು, "ಗಂಡನ ಜೊತೆಗಿದ್ದರೆ ಎಣಿಕೆ ಆಗುತ್ತೆ" ಅಂತ ಯಾರೋ ಹೇಳಿದರು, ನಂಬಿ ಹೊರಟೆ. ಐದು ವರ್ಷದ ಅವಧಿ ಮುಂದಕ್ಕೆ ಸರೀತಾ ಹೋದ ಹಾಗೆ ನಾನು ಹಿಂದೆ ಕೂಡಿಸಿದ್ದ ದಿನಗಳೂ ಒಂದೊಂದಾಗಿ ಉದುರಿಹೋದವು. ಈಗ ಮತ್ತೆ ಮೊದಲಿಂದ ಎಣಿಸಬೇಕು. ಹನ್ನೆರಡು ವರ್ಷದ ಹಿಂದೆ ಕೆನಡಾಕ್ಕೆ ಬಂದವಳು ನಾನು.

ಅವರಿಗೆ ಒಮ್ಮೆ ಪೌರತ್ವ ಬಂದರೆ ಟಿಡಿಗೆ ವೀಸಾನೇ ಬೇಡ. ಅಷ್ಟೇ ಅಲ್ಲ, ನಾಳೆ ಅವರ ಓದಿಗೆ ಪಟ್ಟಿಯಲ್ಲಿ ಜಾಗ ಇದ್ದರೆ ಅವರೇ ಸ್ವಂತ ಟಿಎನ್ ತಗೊಂಡು ಕೆಲಸಕ್ಕೆ ಹೋಗಬಹುದು.

ಹೊಸಬ_ಕ್ಯಾಲ್ಗರಿ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಪಿಆರ್ ಅಷ್ಟೇ, ಮೆಕ್ಯಾನಿಕಲ್ ಎಂಜಿನಿಯರ್. ನನಗೆ ಟಿಎನ್ ಸಿಗುತ್ತಾ? ಮತ್ತೆ ಟಿಎನ್ ಇಂದ ಗ್ರೀನ್ ಕಾರ್ಡ್ ಬೇಗ ಆಗುತ್ತೆ ಅಂತಾರಲ್ಲ, ಕೆನಡಿಯನ್ ಆಗಿರೋದ್ರಿಂದ?

ಸೇತುವೆ_ದಾಟಿದವ:

ಎರಡಕ್ಕೂ ಉತ್ತರ ‘ಇಲ್ಲ’ ಅಂತಲೇ. ಟಿಎನ್ ಕೆನಡಾ ಮತ್ತು ಮೆಕ್ಸಿಕೊ ಪೌರರಿಗೆ ಮಾತ್ರ, ಪಿಆರ್‌ಗಳಿಗೆ ಇಲ್ಲ.

ಗ್ರೀನ್ ಕಾರ್ಡ್ ಸಾಲಿನಲ್ಲಿ ಅವರು ನೋಡೋದು ಹುಟ್ಟಿದ ದೇಶ, ಕೈಯಲ್ಲಿರೋ ಪಾಸ್‌ಪೋರ್ಟ್ ಅಲ್ಲ. ಬಳ್ಳಾರಿಯಲ್ಲಿ ಹುಟ್ಟಿದ ನಾನು ಕೆನಡಿಯನ್ ಆದರೂ ನಿಲ್ಲೋದು ಭಾರತದ ಸಾಲಿನಲ್ಲೇ, ಅದು ಎಷ್ಟು ಉದ್ದ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಹೆಂಡತಿಯೋ ಗಂಡನೋ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ಸಾಲು ಹಿಡಿಯಬಹುದು, ಅದೊಂದೇ ದಾರಿ. ಜೊತೆಗೆ, ಎಚ್-1ಬಿಯಲ್ಲಿ ಗ್ರೀನ್ ಕಾರ್ಡ್ ಆಸೆ ಇಟ್ಕೊಂಡೇ ಇರೋಕೆ ಕಾನೂನಿನ ಒಪ್ಪಿಗೆ ಇದೆ, ಟಿಎನ್‌ಗೆ ಅದಿಲ್ಲ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಗಡಿಯಲ್ಲಿ ಟಿಎನ್ ಕೇಳೋಕೆ ಹೋದರೆ ತೊಂದರೆ ಆಗುತ್ತೆ. ಆ ಹೆಜ್ಜೆ ಇಡೋ ಮುಂಚೆ ವಕೀಲರನ್ನ ಕಾಣಲೇಬೇಕು.

ಹಾಗಂತ ಟಿಎನ್ ಸಣ್ಣದಲ್ಲ. ಎಚ್-1ಬಿಗೆ ವರ್ಷಕ್ಕೆ 85,000ದ ಮಿತಿ, ಅದಕ್ಕೆ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೇರಿದ್ದು ಎಲ್ಲರಿಗೂ ಗೊತ್ತು. ಟಿಎನ್‌ಗೆ ಲಾಟರಿಯೂ ಇಲ್ಲ, ಆ ಹೊರೆಯೂ ಇಲ್ಲ.

ಬಿಳಿಕೋಟು:

ನರ್ಸ್‌ಗಳು ಯಾರಾದರೂ ಇದನ್ನ ಓದ್ತಾ ಇದ್ದರೆ: ಪತ್ರ ಮತ್ತು ಪದವಿ ಮಾತ್ರ ಹಿಡ್ಕೊಂಡು ಹೋಗಬೇಡಿ. ನಮಗೆ ರಾಜ್ಯದ ಲೈಸೆನ್ಸ್ ಬೇಕು, ಅದರ ಮೇಲೆ ಓದು, ಲೈಸೆನ್ಸ್ ಪರಿಶೀಲಿಸಿ ಕೊಡೋ ವೀಸಾಸ್ಕ್ರೀನ್ ಪ್ರಮಾಣಪತ್ರ ಬೇಕು. ಕೆನಡಾದಲ್ಲೇ ಓದಿದವರಿಗೂ ಬೇಕು. ಫಿಸಿಯೋಥೆರಪಿಯವರಿಗೂ ಇದೇ ನಿಯಮ. ವೀಸಾಸ್ಕ್ರೀನ್‌ಗೆ ಕಾಲೇಜಿಂದ, ನರ್ಸಿಂಗ್ ಕೌನ್ಸಿಲ್‌ನಿಂದ ಕಾಗದ ನೇರವಾಗಿ ಅವರಿಗೇ ಹೋಗಬೇಕು. ಊರಿನ ಕಾಲೇಜಿನಿಂದ ಆ ಒಂದು ಕಾಗದ ಹೊರಡಿಸೋಕೆ ನನ್ನ ತಮ್ಮ ಐದು ಸಲ ಆಫೀಸಿಗೆ ಅಲೆದ. ಆಫರ್ ಬರೋವರೆಗೆ ಕಾಯದೆ ಮೊದಲೇ ಶುರು ಮಾಡಿ.

ನಾನು ವಿಂಡ್ಸರ್‌ನಲ್ಲೇ ಇದ್ದು ದಿನಾ ಡೆಟ್ರಾಯಿಟ್‌ಗೆ ಹೋಗಿ ಬರ್ತೀನಿ. ಮನೆ, ಮಕ್ಕಳ ಶಾಲೆ ಎಲ್ಲ ಈ ಕಡೆ. ಟಿಎನ್ ಇದ್ದರೆ ಅಲ್ಲೇ ವಾಸ ಮಾಡಬೇಕು ಅಂತೇನಿಲ್ಲ. ತುಂಗಾತೀರ ಅವರೇ, ನಿಮ್ಮ ಆಫೀಸ್ ಡೆಟ್ರಾಯಿಟ್ ಹತ್ತಿರ ಇದ್ದರೆ ಈ ದಾರಿ ಯೋಚಿಸಿ ನೋಡಿ. ಹೆಂಡತಿಯ ದಿನಗಳೂ ತುಂಬುತ್ತವೆ, ನೀವು ರಾತ್ರಿ ಊಟಕ್ಕೂ ಮನೆಯಲ್ಲಿರ್ತೀರಿ.

ಲೆಕ್ಕದಪುಸ್ತಕ:

ತೆರಿಗೆ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಬರೀತೀನಿ. ಬಿಳಿಕೋಟು ಮೇಡಂ ಹೇಳಿದ ದಾರಿ ಹಿಡಿದರೂ, ಹೆಂಡತಿ ಮಗಳನ್ನ ಬ್ರಾಂಪ್ಟನ್‌ನಲ್ಲಿ ಬಿಟ್ಟು ಹೋದರೂ, ನಿಮ್ಮನ್ನ ಕೆನಡಾ ತನ್ನ ತೆರಿಗೆ ನಿವಾಸಿ ಅಂತಲೇ ನೋಡುವ ಸಾಧ್ಯತೆ ಹೆಚ್ಚು. ಮನೆ, ಸಂಗಾತಿ, ಅವಲಂಬಿತ ಮಕ್ಕಳು, ಈ ಮೂರೂ ಎಲ್ಲಿವೆ ಅನ್ನೋದೇ ಅವರಿಗೆ ಮುಖ್ಯ. ಅಮೆರಿಕದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತೆ, ಎರಡು ಸಲ ಕಟ್ಟೋ ಪ್ರಶ್ನೆ ಬರೋದು ಕಡಿಮೆ. ಆದರೆ ಎರಡೂ ಕಡೆ ರಿಟರ್ನ್ ಹಾಕಬೇಕು.

ಸಂಸಾರ ಸಮೇತ ಹೊರಟ ದಿನ ಮಾತ್ರ ಲೆಕ್ಕ ಬೇರೆ. ನಿಮ್ಮ ಹತ್ತಿರ ಇರೋ ಷೇರುಗಳನ್ನ ಅವತ್ತೇ ಮಾರಿದ ಹಾಗೆ ಲೆಕ್ಕ ಹಾಕಿ ಲಾಭದ ಮೇಲೆ ತೆರಿಗೆ ಕೇಳ್ತಾರೆ. ಆರ್‌ಆರ್‌ಎಸ್‌ಪಿ ಅನ್ನೋ ನಿವೃತ್ತಿ ಉಳಿತಾಯ ಖಾತೆ ಮತ್ತು ಕೆನಡಾದ ಮನೆ ಅದರಲ್ಲಿ ಬರೋದಿಲ್ಲ. ಟಿಎಫ್‌ಎಸ್‌ಎ ಉಳಿತಾಯ ಖಾತೆಗೆ ಇಲ್ಲಿ ತೆರಿಗೆ ಇಲ್ಲ ನಿಜ, ಅಮೆರಿಕ ಅದನ್ನ ಹಾಗೆ ಒಪ್ಪೋದಿಲ್ಲ, ಅಲ್ಲಿಯ ತೆರಿಗೆ ನಿವಾಸಿ ಆದಮೇಲೆ ಅದರ ಬಡ್ಡಿ, ಲಾಭಾಂಶ ಎಲ್ಲಕ್ಕೂ ಅವರಿಗೆ ಲೆಕ್ಕ ಕೊಡಬೇಕು. ಅಮೆರಿಕದ ಹೊರಗಿನ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನೋ ಖಾತೆಗಳ ವರದಿ ಸಲ್ಲಿಸಬೇಕು. ನಮ್ಮವರು ಮರೆಯೋದು ಊರಿನ ಬ್ಯಾಂಕಿನ ಎನ್‌ಆರ್‌ಒ ಖಾತೆ ಮತ್ತು ಅಪ್ಪ ಅಮ್ಮನ ಜೊತೆಗಿರೋ ಜಂಟಿ ಖಾತೆ. ಅವೂ ಸೇರುತ್ತವೆ. ದಂಡ ಜೋರಾಗಿದೆ, ಮರೀಬೇಡಿ.

ಜೋಳದರೊಟ್ಟಿ:

ನೌಕರಿ ಹೋದ್ರ ಏನು ಅಂತ ಯಾರೂ ಕೇಳಲಿಲ್ಲ, ನಾನ ಹೇಳ್ತೀನಿ. 2023ರಾಗ ನನಗ ಹಂಗಾತು. ಬೆಳಿಗ್ಗಿ ಲ್ಯಾಪ್‌ಟಾಪ್ ತೆಗೆದ್ರ ಲಾಗಿನ್ ಆಗವಲ್ತು. ಟಿಎನ್ ಒಬ್ಬ ಮಾಲೀಕನಿಗೆ ಕಟ್ಟಿದ್ದು. ನೌಕರಿ ಮುಗಿದ ದಿನದಿಂದ 60 ದಿನ, ಇಲ್ಲಾ ಐ-94 ಮುಗಿಯೂ ದಿನ, ಯಾವುದು ಮೊದಲ ಬರ್ತದೋ ಅಲ್ಲೀತನಕ ಇರಬಹುದು. ಅಷ್ಟರಾಗ ಹೊಸ ಕಂಪನಿ ಸಿಕ್ಕರ ಹೊಸ ಪತ್ರ, ಹೊಸ ಟಿಎನ್. ಹಳೇದರ ಮ್ಯಾಲೆ ಒಂದು ದಿನಾನೂ ಹೊಸ ಕಡೆ ಕೆಲಸ ಮಾಡಂಗಿಲ್ಲ. ಸ್ವಂತ ಧಂದೆ ಅಂತೂ ಟಿಎನ್ ಒಳಗ ಇಲ್ಲೇ ಇಲ್ಲ. ನನಗ 52ನೇ ದಿನಕ್ಕ ಸಿಕ್ತು, ಕ್ಯಾಲ್ಗರಿಗೆ ಬಂದು ಮತ್ತ ಅದ ಏರ್‌ಪೋರ್ಟಿನಾಗ ಮಾಡಿಸ್ಕೊಂಡು ಹೋದೆ. ಆ 52 ದಿನ ಮನಿಯೊಳಗ ಯಾರೂ ಸರಿಯಾಗಿ ಉಂಡಿಲ್ಲ. ಅದಕ್ಕ ಕೆನಡಾದ ಮನಿ ಪೂರಾ ಕಿತ್ತುಕೊಂಡು ಹೋಗಬ್ಯಾಡ್ರಿ ಸರ್, ಮೊದಲ ವರ್ಷ ಒಂದು ಕಾಲು ಇಲ್ಲೇ ಇರಲಿ.

ತುಂಗಾತೀರ:

ಎಲ್ಲರಿಗೂ ಮತ್ತೆ ನಮಸ್ಕಾರ. ಐದು ವಾರ ಆದಮೇಲೆ ಬರೀತಾ ಇದ್ದೀನಿ.

ಕಂಪನಿಯವರಿಗೆ ಎಲ್ಲಾ ವಿವರಿಸಿ ಸೇರೋ ದಿನವನ್ನ ಎರಡು ವಾರ ಮುಂದಕ್ಕೆ ಹಾಕಿಸಿದೆ, ಒಪ್ಪಿದರು. ಪತ್ರ ನಾಲ್ಕು ಸಲ ಹೋಗಿ ಬಂತು. ಮೂರನೇ ಸಲವೂ ಎಚ್‌ಆರ್ ‘ಪರ್ಮನೆಂಟ್ ಫುಲ್ ಟೈಮ್’ ಅಂತಲೇ ಬರೆದಿದ್ದರು. ಕೊನೆಗೆ ನನ್ನ ಮ್ಯಾನೇಜರೇ ಕೂತು ಕೆಲಸದ ವಿವರ ಬರೆದುಕೊಟ್ಟರು, ಅದು ಬಹಳ ಚೆನ್ನಾಗಿ ಬಂತು. ಅಮೆರಿಕದ ಮೌಲ್ಯಮಾಪನ ವರದಿ ತುರ್ತು ಶುಲ್ಕ ಕಟ್ಟಿ ಮಾಡಿಸಿದೆ.

ಹೋದ ಮಂಗಳವಾರ ಒಬ್ಬನೇ ಹೋದೆ, ಒಂದು ಬ್ಯಾಗು ಒಂದು ಫೈಲು ಇಟ್ಕೊಂಡು. ಒಳಗೆ ನನ್ನ ಮುಂದೆ ಇಬ್ಬರಿದ್ದರು. ಅಧಿಕಾರಿ ಪತ್ರ ಪೂರ್ತಿ ಓದಿದರು, ಡಿಗ್ರಿ ಸರ್ಟಿಫಿಕೇಟ್ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಆ ಸೆನ್ಸರ್ ಕೆಟ್ಟರೆ ಕಾರು ಏನು ಮಾಡುತ್ತೆ?" ಅಂತ. ಆರು ವರ್ಷದಿಂದ ಮಾಡ್ತಾ ಇರೋ ಕೆಲಸ, ಹೇಳ್ತಾ ಹೋದೆ. ಅರ್ಧಕ್ಕೇ ತಲೆಯಾಡಿಸಿ, ಶುಲ್ಕ ಕಟ್ಟಿ ಬನ್ನಿ ಅಂದರು. ಮೂರು ವರ್ಷ ಕೊಟ್ಟಿದ್ದಾರೆ. ಸೇತುವೆ ಅಣ್ಣಾ, ಹೊರಗೆ ಬಂದು ಕಾರಲ್ಲಿ ಕೂತು ನಿಮ್ಮ ಮೊದಲ ಉತ್ತರ ಇನ್ನೊಂದು ಸಲ ಓದಿದೆ.

ಸೇತುವೆ_ದಾಟಿದವ:

ಬಹಳ ಖುಷಿ ಆಯ್ತು. ಈಗಲೇ ಅಮೆರಿಕದ ಗಡಿ ಇಲಾಖೆ ಸಿಬಿಪಿಯ ಐ-94 ತಾಣಕ್ಕೆ ಹೋಗಿ ನಿಮ್ಮ ದಾಖಲೆ ತೆಗೆದು ನೋಡಿ. ಹೆಸರು, ‘ಟಿಎನ್’ ಅನ್ನೋದು, ಕೊನೆಯ ದಿನಾಂಕ, ಮೂರೂ ಸರಿ ಇದೆಯಾ ಅಂತ. ತಪ್ಪಿದ್ದರೆ ಈಗ ಸರಿಪಡಿಸೋದು ಸುಲಭ, ಮೂರು ವರ್ಷ ಆದಮೇಲೆ ಅಲ್ಲ. ಪ್ರತಿ ಸಲ ಗಡಿ ದಾಟಿ ಬಂದಾಗಲೂ ನೋಡಿ.

ತುಂಗಾತೀರ:

ನೋಡಿದೆ ಅಣ್ಣಾ, ಮೂರೂ ಸರಿ ಇದೆ.

ಹೊಂಗೆನೆರಳು ಅಕ್ಕಾ, ಮನೆ ಬಿಟ್ಟಿಲ್ಲ. ಅವಳೂ ಮಗಳೂ ಬ್ರಾಂಪ್ಟನ್‌ನಲ್ಲೇ ಇದ್ದಾರೆ, ಅವಳ ಕೆಲಸವೂ ನಡೀತಿದೆ. ನಾನು ಇಲ್ಲಿ ಸಹೋದ್ಯೋಗಿಯೊಬ್ಬರ ಮನೆಯ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೀನಿ. ಶುಕ್ರವಾರ ಸಂಜೆ 401 ಹೆದ್ದಾರಿ ಹಿಡಿದರೆ ನಾಲ್ಕು ಗಂಟೆ ದಾರಿ, ಮಗಳು ಮಲಗೋ ಮುಂಚೆ ಮುಟ್ಟೋಕೆ ನೋಡ್ತೀನಿ. ಹೆಂಡತಿ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದಾಳೆ, 131ರಿಂದ ಕೆಳಕ್ಕೆ ಮನೆ ಮನೆ ಗೆರೆ ಹಾಕಿ. ದಿನಾ ಒಂದು ಮನೆಗೆ ಬಣ್ಣ ಹಚ್ಚೋದು ಮಗಳ ಕೆಲಸ. ಇವತ್ತು ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಳು, 94ಕ್ಕೆ ಬಂದಿದೆ.